ಅದೇ ಬ್ಯಾಟರಿ, ಎರಡು ಸಂಸಾರ

ನಮ್ಮನೆಯವರಿಗೊಂದು ಚಾಳಿ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರು, ದುಡ್ಡು, ಮೀಟರಿನಲ್ಲಿ ಕಾಣುವ ಕಿಲೋಮೀಟರು, ನಾಲ್ಕನ್ನೂ ಡೈರಿಯಲ್ಲಿ ಬರೆದಿಡಬೇಕು. ಕಾರು ಮನೆಗೆ ಬಂದ 2012ರಿಂದ ಒಂದು ಸಲವೂ ತಪ್ಪಿಸಿಲ್ಲ. ಡೈರಿ ಗ್ಲೋವ್ ಬಾಕ್ಸಿನಲ್ಲಿರುತ್ತದೆ, ಅದಕ್ಕೊಂದು ರಬ್ಬರ್ ಬ್ಯಾಂಡು, ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ ಬರೆಯದ ಪೆನ್ನು. ಬರೆಯುವ ಪೆನ್ನು ಬಂಕಿನ ಹುಡುಗನ ಕಿವಿಯ ಮೇಲಿಂದ ಬರುತ್ತದೆ. ಕೆಲವು ಸಾಲಿನ ಪಕ್ಕ ಒಂದೊಂದು ಶಬ್ದ: ‘ಊರು’, ‘ಊರು, ಮಳೆ’, ‘ಶೃಂಗೇರಿ’, ‘ಕ್ಲಚ್’.

ಹೋದ ವರ್ಷ ಆಗಸ್ಟಿನಲ್ಲಿ ಎರಡನೇ ಸಲ ಕ್ಲಚ್ ಹೋಯಿತು. ಮೆಕ್ಯಾನಿಕ್ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ, ‘ಇನ್ನು ಇದಕ್ಕೆ ದುಡ್ಡು ಸುರೀಬೇಡಿ ಮೇಡಂ’ ಎಂದ. ಆವತ್ತು ರಾತ್ರಿ ನಾನು ಡೈರಿ ಹಿಡಿದು ಕೂತೆ. 2024ರ ಜುಲೈಯಿಂದ 2025ರ ಜೂನ್‌ವರೆಗೆ ಕಾರು ಓಡಿದ್ದು 8,412 ಕಿಲೋಮೀಟರ್. ಅದರಲ್ಲಿ ಬೆಂಗಳೂರಿನ ಆಚೆ ಓಡಿದ್ದು 2,500 ಚಿಲ್ಲರೆ. ದಿನದ ಲೆಕ್ಕ ತೆಗೆದರೆ 365ರಲ್ಲಿ ಹತ್ತೊಂಬತ್ತು ದಿನ. ಉಳಿದ ಮುನ್ನೂರ ನಲವತ್ತಾರು ದಿನ ಅದು ಒಂದೋ ಬೇಸ್‌ಮೆಂಟಿನಲ್ಲಿ ಮಲಗಿತ್ತು, ಇಲ್ಲವೇ ಬನಶಂಕರಿಯಿಂದ ರಿಚ್ಮಂಡ್ ಸರ್ಕಲ್ಲಿಗೆ ನನ್ನನ್ನು ಹೊತ್ತುಕೊಂಡು ತೆವಳುತ್ತಿತ್ತು.

ತೆವಳುವುದು ಅಂದದ್ದು ಬಾಯಿಮಾತಿಗಲ್ಲ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ನನಗೆ ಆ ಹತ್ತು ಸೆಕೆಂಡಿನ ಮೇಲೆ ವಿಶೇಷ ಪ್ರೀತಿ.

ಬೆಳಿಗ್ಗೆ ಕಾಫಿ ಕುಡಿಯುವಾಗ ‘ಹತ್ತೊಂಬತ್ತೇ ದಿನ ಕಣ್ರೀ’ ಎಂದೆ. ಇವರು ಪೇಪರಿನಿಂದ ಕಣ್ಣೆತ್ತದೆ, ‘ಆದ್ರೆ ಆ ಹತ್ತೊಂಬತ್ತು ದಿನಕ್ಕೇ ತಾನೆ ಕಾರು ಬೇಕಾಗೋದು’ ಎಂದರು.

ಈ ಮಾತನ್ನು ತಮಾಷೆ ಮಾಡುವುದು ಸುಲಭ. ಆದರೆ ಬೆಂಗಳೂರಿಗೆ ಬಂದು ನೆಲೆಸಿದ ನಮ್ಮಂಥ ಅರ್ಧಕ್ಕರ್ಧ ಜನ ಕಾರು ತೆಗೆದುಕೊಳ್ಳುವುದೇ ಊರಿಗಾಗಿ. ಆಫೀಸಿಗೆ ಮೆಟ್ರೊ ಇದೆ, ಆಟೊ ಇದೆ, ಬೈದುಕೊಂಡಾದರೂ ಬಸ್ಸಿದೆ. ಊರಿಗೆ ಹೋಗುವಾಗ ಮಾತ್ರ ಸ್ವಂತ ಕಾರು ಅಂಗಳಕ್ಕೆ ಇಳಿಯಬೇಕು, ನಾಯಿ ಬೊಗಳಬೇಕು, ಅಡಿಕೆ ಸುಲಿಯುತ್ತ ಕೂತವರು ಕತ್ತಿ ನಿಲ್ಲಿಸಿ ‘ಯಾರ್ದು ಗಾಡಿ?’ ಅನ್ನಬೇಕು. ನಮ್ಮೂರು ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ಅದರಲ್ಲಿ ಕೊನೆಯ ಎರಡು ಮಣ್ಣುರಸ್ತೆ. ಹೋದ ಮಳೆಗಾಲದಲ್ಲಿ ನಮ್ಮ ಹ್ಯಾಚ್‌ಬ್ಯಾಕಿನ ಹೊಟ್ಟೆ ಅಲ್ಲಿ ಎರಡು ಕಡೆ ಸವರಿತ್ತು. ಚಿಕ್ಕಪ್ಪನ ಮಗನ ದೊಡ್ಡ ಗಾಡಿ ನಮ್ಮ ಹಿಂದೆಯೇ ನೀರು ಚಿಮ್ಮಿಸಿಕೊಂಡು ಬಂದು ಪಕ್ಕದಲ್ಲಿ ನಿಂತಿತು. ನನಗೂ ಹೊಟ್ಟೆ ಉರಿದಿತ್ತು. ಅದನ್ನು ಇಲ್ಲಿ ಬರೆಯದೆ ಹೋದರೆ ಮುಂದಿನದೆಲ್ಲ ಬೂಟಾಟಿಕೆಯಾಗುತ್ತದೆ.

ಇವರು ಮನಸ್ಸಿಟ್ಟದ್ದು ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್ ಮೇಲೆ, ಅಂದರೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಗಾಡಿ. ನಾನು ಮನಸ್ಸಿಟ್ಟದ್ದು ಎಂಜಿ ಕಾಮೆಟ್ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರಿನ ಮೇಲೆ. ಒಂದರ ಉದ್ದ ನಾಲ್ಕು ಮೀಟರ್ ಮೂವತ್ತಾರು ಸೆಂಟಿಮೀಟರ್, ಇನ್ನೊಂದರದು ಮೂರು ಮೀಟರಿಗೂ ಮೂರು ಸೆಂಟಿಮೀಟರ್ ಕಡಿಮೆ. ಎರಡನ್ನೂ ಒಂದೇ ಭಾನುವಾರ ಓಡಿಸಿ ನೋಡಿದೆವು. ಇಂಥ ಎರಡು ಗಾಡಿಯನ್ನು ಒಂದೇ ದಿನ ನೋಡಬಾರದು. ಮದುವೆ ಊಟ ಮಾಡಿ ಬಂದು ಮನೆಯ ಗಂಜಿಯ ರುಚಿ ನೋಡಿದ ಹಾಗೆ.

ಹೈಬ್ರಿಡ್ ಸದ್ದಿಲ್ಲದೆ ಹೊರಟಿತು. ಪರದೆಯ ಮೇಲೆ ಬಾಣಗಳು: ಎಂಜಿನ್ನಿನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮತ್ತೆ ಚಕ್ರಕ್ಕೆ. ಇವರು ರಸ್ತೆ ನೋಡುವುದು ಬಿಟ್ಟು ಬಾಣ ನೋಡುತ್ತಿದ್ದರು. ಪಕ್ಕದಲ್ಲಿ ಕೂತ ಷೋರೂಮಿನ ಹುಡುಗ, ‘ಚಾರ್ಜಿಂಗ್ ತಲೆನೋವೇ ಇಲ್ಲ ಸಾರ್, ತಾನೇ ಚಾರ್ಜ್ ಮಾಡ್ಕೊಳುತ್ತೆ’ ಎಂದ. ಯಾವುದರಿಂದ ಎಂದು ಹಿಂದಿನ ಸೀಟಿನಿಂದ ಕೇಳಿದೆ. ‘ಬ್ರೇಕ್ ಹಿಡಿದಾಗ ಮೇಡಂ.’ ಬ್ರೇಕ್ ಹಿಡಿಯುವಷ್ಟು ವೇಗ ಎಲ್ಲಿಂದ ಬಂತು? ಪೆಟ್ರೋಲಿನಿಂದ. ಪ್ಲಗ್ ಇಲ್ಲದ ಹೈಬ್ರಿಡ್‌ನಲ್ಲಿ ಕಟ್ಟಕಡೆಗೆ ಎಲ್ಲವೂ ಬರುವುದು ಪೆಟ್ರೋಲ್ ಟ್ಯಾಂಕಿನಿಂದಲೇ. ಅದನ್ನು ಪೋಲು ಮಾಡದೆ ಬಳಸುತ್ತದೆ, ಅಷ್ಟೇ ಅದರ ಜಾಣತನ. ದೊಡ್ಡ ಜಾಣತನವೇ ಅನ್ನಿ, ಲೀಟರಿಗೆ 27.97 ಕಿಲೋಮೀಟರ್ ಎಂದು ಸರ್ಟಿಫಿಕೇಟ್ ಇದೆ. ಅದರ ಬ್ಯಾಟರಿ ಎಷ್ಟು ದೊಡ್ಡದು ಗೊತ್ತೆ? 0.76 ಕಿಲೋವ್ಯಾಟ್ ಅವರ್. ಮನೆಯ ಮೀಟರಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್ಟು.

ಕಾಮೆಟ್‌ನದು 17.3 ಯೂನಿಟ್ಟು. ಎಂಜಿನ್ ಇಲ್ಲ, ಟ್ಯಾಂಕ್ ಇಲ್ಲ, ಮೂತಿಯೂ ಇಲ್ಲದಂತೆ ಮುಂದೆ ನೇರ ಇಳಿದುಬಿಡುತ್ತದೆ. ಬಾಗಿಲು ಎರಡೇ. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ, ಒಂದು ಕಾಲು ಮೊದಲು ಹಾಕಿ ಒಳಗಿಳಿಯಬೇಕು. ಇದರಿಂದ ಮನೆಯೊಳಗಿನ ಅಂತಸ್ತು ಬಯಲಿಗೆ ಬರುತ್ತದೆ. ಮಂಡಿನೋವಿನ ಅಮ್ಮ ಮುಂದೆ. ಸ್ಟೀರಿಂಗಿಗೆ ಒಬ್ಬರು. ಪಿಯುಸಿ ಮಗಳು ಹಿಂದೆ. ಉಳಿದ ಒಂದು ಸೀಟಿಗೆ ನಾನೋ ಇವರೋ? ಆರಡಿಗೆ ಒಂದಿಂಚು ಕಡಿಮೆಯಿರುವ ಮನುಷ್ಯ ಹಿಂದೆ ಕೂತು ಮಂಡಿಯನ್ನು ಎದೆಗೆ ತಂದುಕೊಂಡು ‘ಪರವಾಗಿಲ್ಲ’ ಎಂದ ದನಿ ನನಗೆ ಈಗಲೂ ಕೇಳಿಸುತ್ತದೆ. ಅಮ್ಮ ಮಾತ್ರ ಮುಂದಿನ ಸೀಟಿನಲ್ಲಿ ಚಾವಡಿಯಲ್ಲಿ ಕೂತ ಹಾಗೆ ಕೂತಿದ್ದಳು. ‘ಎದುರಿಗೆ ಎಲ್ಲ ಕಾಣ್ತದೆ, ಒಳ್ಳೇದಿದೆ’ ಎಂದಳು. ಡಿಕ್ಕಿ ಎಲ್ಲಿ ಎಂದು ಹುಡುಕಿದಳು. ಹಿಂದಿನ ಬಾಗಿಲು ತೆಗೆದು ತೋರಿಸಿದರು. ಸೀಟು ಎದ್ದು ನಿಂತಿರುವಾಗ ಅಲ್ಲಿ ಹಿಡಿಸುವುದು ಒಂದು ಕೊಡೆ, ಒಂದು ತರಕಾರಿ ಚೀಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಯಿತು. ದೊಡ್ಡ ಹೈಬ್ರಿಡ್‌ಗೆ ಸೆಸ್ ಸೇರಿ 43 ಇದ್ದದ್ದು 40 ಶೇಕಡಕ್ಕೆ ಇಳಿಯಿತು. ಎಲೆಕ್ಟ್ರಿಕ್‌ಗೆ 2019ರಿಂದಲೂ 5. ಇದರ ಮೇಲೆ ನಮ್ಮ ರಾಜ್ಯದ ಆಜೀವ ರಸ್ತೆ ತೆರಿಗೆ: ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ 17 ಶೇಕಡ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಇವರ ಹೈಬ್ರಿಡ್‌ಗೆ ಅದೊಂದೇ ಮೂರು ಲಕ್ಷ ದಾಟುತ್ತಿತ್ತು. ನನ್ನ ಕಾಮೆಟ್‌ಗೆ ಆಗ ಸೊನ್ನೆ.

ತಂಗಿ ಕ್ಯಾಲಿಫೋರ್ನಿಯದ ಫ್ರೀಮಾಂಟಿನಿಂದ ವಿಡಿಯೊ ಕರೆ ಮಾಡಿದ್ದು ಆ ವಾರವೇ. ಅವಳ ಮನೆಯಲ್ಲಿರುವುದು ಆರ್‌ಎವಿ4 ಪ್ರೈಮ್. ಪ್ಲಗ್ ಇರುವ ಹೈಬ್ರಿಡ್ ಎಸ್‌ಯುವಿ, ಅಂದರೆ ಗೋಡೆಯಿಂದಲೂ ತಿನ್ನುತ್ತದೆ, ಬಂಕಿನಲ್ಲೂ ಕುಡಿಯುತ್ತದೆ. ಚಾರ್ಜ್ ಇರುವಷ್ಟು ಹೊತ್ತು ಎಂಜಿನ್ ಮುಟ್ಟದೆ ಓಡುತ್ತದೆ, ಮುಗಿದ ಮೇಲೆ ಮಾಮೂಲಿ ಹೈಬ್ರಿಡ್. ‘ನಮ್ಮನೆ ಜಗಳಕ್ಕೆ ನಿನ್ನ ಕಾರೇ ಉತ್ತರ ಕಣೇ, ಇಲ್ಲಿ ಸಿಗಲ್ಲ ಅಷ್ಟೆ’ ಎಂದೆ. ಗ್ಯಾರೇಜಿಗೆ ಹೋಗಿ ಫೋನ್ ತಿರುಗಿಸಿ ಕೇಬಲ್ಲು ತೋರಿಸಿದಳು. ಬ್ಯಾಟರಿ ಎಷ್ಟರದ್ದು ಎಂದು ಕೇಳಿದೆ. ‘ಹದಿನೆಂಟು ಪಾಯಿಂಟ್ ಒಂದು.’

ನಾನು ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಷೋರೂಮಿನ ಹಾಳೆ ತಂದೆ. ಹದಿನೇಳು ಪಾಯಿಂಟ್ ಮೂರು.

ಹೆಚ್ಚುಕಡಿಮೆ ಅದೇ ಬ್ಯಾಟರಿ. ನನ್ನ ಕಾರಿಗೆ ಅದೇ ಸರ್ವಸ್ವ. ಅವಳ ಕಾರಿಗೆ ಮುಖ್ಯ ಊಟಕ್ಕೆ ಮುಂಚಿನ ಕೋಸಂಬರಿ. ಅಷ್ಟೇ ಕರೆಂಟಿನಲ್ಲಿ ಕಾಮೆಟ್ ಕಾಗದದ ಮೇಲೆ 230 ಕಿಲೋಮೀಟರ್ ಹೋಗುತ್ತದೆ. ನಮ್ಮ ರಸ್ತೆಯಲ್ಲಿ ನೂರೆಪ್ಪತ್ತು ಎಂದಿಟ್ಟುಕೊಳ್ಳಿ. ಅವಳದು 42 ಮೈಲಿ, ಅಂದರೆ 68 ಕಿಲೋಮೀಟರ್. ಕಾಮೆಟ್ ಎಂಟುನೂರು ಕೆಜಿಗೆ ತುಸು ಮೇಲಿದ್ದರೆ ಅವಳದು ಎರಡು ಟನ್ನಿಗೆ ತುಸು ಕೆಳಗೆ. ಜೊತೆಗೆ 302 ಕುದುರೆಗಳ ಶಕ್ತಿ. ಆ ಕುದುರೆಗಳಿಗೆ ಕೆಲಸವಿಲ್ಲದ ದಿನವೂ ಎಂಜಿನ್, ಟ್ಯಾಂಕ್, ಸೈಲೆನ್ಸರ್ ಎಲ್ಲವನ್ನೂ ಬ್ಯಾಟರಿಯೇ ಹೊತ್ತು ತಿರುಗಬೇಕು. ಬ್ಯಾಟರಿ ಮುಗಿದ ಮೇಲೆ ಎಂಜಿನ್ನು ಸತ್ತ ಬ್ಯಾಟರಿಯನ್ನು ಹೊರಬೇಕು. ಒಟ್ಟು ಕುಟುಂಬದ ಅಣ್ಣತಮ್ಮಂದಿರ ಹಾಗೆ, ಯಾವ ಹೊತ್ತಿಗೂ ಒಬ್ಬ ದುಡಿಯುತ್ತಾನೆ, ಇನ್ನೊಬ್ಬ ಹೆಗಲ ಮೇಲಿರುತ್ತಾನೆ.

‘ಎರಡು ದೋಣಿ ಮೇಲೆ ಕಾಲಿಟ್ಟ ಹಾಗಲ್ವೇನೇ?’ ಎಂದು ಕೆಣಕಿದೆ.

‘ತುಂಗೆ ದಾಟೋವಾಗ ಎರಡು ದೋಣಿ ಇದ್ರೆ ಅಪ್ಪ ಬೇಡ ಅಂತಿದ್ರಾ?’ ಎಂದಳು.

ಅವಳ ಕಡೆಯೂ ನ್ಯಾಯವಿದೆ. ಆಫೀಸು ಹೋಗಿ ಬಂದರೆ ನಲವತ್ತು ಕಿಲೋಮೀಟರ್, ಅಷ್ಟಕ್ಕೂ ಕರೆಂಟು ಸಾಕು. ಚಳಿಗಾಲದಲ್ಲಿ ಹಿಮ ನೋಡಲು ತಾಹೋ ಸರೋವರಕ್ಕೆ ಹೋಗುವಾಗ ಚಾರ್ಜರಿನ ಮುಂದೆ ಸಾಲು ನಿಲ್ಲಬೇಕಿಲ್ಲ. ಸ್ವಂತ ಗ್ಯಾರೇಜಿದೆ, ಗೋಡೆಯಲ್ಲಿ ಸಾಕೆಟ್ಟಿದೆ, ಯಾವ ಅಸೋಸಿಯೇಷನ್ನಿನ ಸಹಿಯೂ ಬೇಡ. ಒಂದೇ ಕೊರಗು, ಅವಳ ಗಂಡ, ನಮ್ಮ ಭಾವ, ಪ್ಲಗ್ ಹಾಕುವುದಿಲ್ಲ. ಅವಳು ಓಡಿಸಿದ ದಿನ ರಾತ್ರಿ ಕೇಬಲ್ಲು ಸೇರುತ್ತದೆ, ಅವನು ಓಡಿಸಿದ ದಿನ ಗೋಡೆಯ ಮೇಲೆಯೇ ನೇತಾಡುತ್ತಿರುತ್ತದೆ. ಕೇಳಿದರೆ ಅವನ ಹತ್ತಿರ ಲೆಕ್ಕವಿದೆ. ಆಗ ಅಲ್ಲಿ ಯೂನಿಟ್ಟಿಗೆ ರಾತ್ರಿಯ ಅಗ್ಗದ ದರವೇ ಮೂವತ್ತು ಸೆಂಟ್ ದಾಟುತ್ತಿತ್ತಂತೆ. ಈ ಕಾರಿನಲ್ಲಿ ಪೆಟ್ರೋಲಿಗೂ ಕರೆಂಟಿಗೂ ಮೈಲಿಗೆ ಬೀಳುವ ಖರ್ಚು ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಿದ್ದ ಮೇಲೆ ರಾತ್ರಿ ಹನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಗ್ಯಾರೇಜಿಗೆ ಯಾಕೆ ಹೋಗಬೇಕು?

ಭಾವ ಒಬ್ಬನೇ ಅಲ್ಲ. ಯುರೋಪಿಯನ್ ಕಮಿಷನ್ 2024ರಲ್ಲಿ ಕಾರುಗಳ ಒಳಗಿನ ಮೀಟರುಗಳೇ ಬರೆದಿಟ್ಟ ಲೆಕ್ಕ ಬಿಚ್ಚಿ ನೋಡಿತು. ಪ್ಲಗ್ ಇರುವ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಕಾರ್ಬನ್, ಲ್ಯಾಬಿನಲ್ಲಿ ತೋರಿಸಿದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು. ಮುಖ್ಯ ಕಾರಣ, ಜನ ನಿರೀಕ್ಷಿಸಿದಷ್ಟು ಚಾರ್ಜ್ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಕಂಪನಿಗಳು ನೌಕರರಿಗೆ ಕೊಟ್ಟಿದ್ದ ಕೆಲವು ಕಾರುಗಳು ಲೀಸ್ ಮುಗಿದು ವಾಪಸ್ಸು ಬಂದಾಗ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯೂ ಹರಿದಿರಲಿಲ್ಲವಂತೆ. ತೆರಿಗೆ ವಿನಾಯಿತಿಗೆ ಕಾರು ತೆಗೆದುಕೊಂಡರು, ಪೆಟ್ರೋಲಿಗೆ ಕಂಪನಿಯ ಕಾರ್ಡಿತ್ತು, ಪ್ಲಗ್ಗಿನ ನೆನಪು ಯಾಕಾದರೂ ಬರಬೇಕು? ಕಾಮೆಟ್‌ನಂಥ ಕಾರಿನಲ್ಲಿ ಈ ಮರೆವಿಗೆ ಜಾಗವಿಲ್ಲ. ರಾತ್ರಿ ಮರೆತರೆ ಬೆಳಿಗ್ಗೆ ಅದು ನೆನಪಿಸುತ್ತದೆ, ಸಿಲ್ಕ್ ಬೋರ್ಡಿನ ನಡುವೆ.

ನಮ್ಮಲ್ಲಿ ಪ್ಲಗ್ ಹೈಬ್ರಿಡ್ ಇರುವುದು ಕಾರಿಗೆ ಕೋಟಿಗೂ ಮೇಲೆ ಸುರಿಯಬಲ್ಲವರ ಅಂಗಳದಲ್ಲಿ. ಬಿಎಂಡಬ್ಲ್ಯು ಎಕ್ಸ್‌ಎಂ, ರೇಂಜ್ ರೋವರ್, ಇಂಥವು. ಎರಡು ಯಂತ್ರ ಇಟ್ಟುಕೊಂಡ ಕಾರಿಗೆ ಖರ್ಚು ಜಾಸ್ತಿ, ಮೇಲೆ ತೆರಿಗೆಯೂ ಪೆಟ್ರೋಲ್ ಕಾರಿನಷ್ಟೇ. ಹೀಗಿರುವಾಗ ಮಧ್ಯಮ ವರ್ಗಕ್ಕೆ ಅದನ್ನು ಯಾರು ತಂದು ಮಾರುತ್ತಾರೆ? ತಂಗಿಯ ಮನೆಯಲ್ಲಿ ಒಂದೇ ಕಾರಿನೊಳಗೆ ಒಪ್ಪಂದ ಮಾಡಿಕೊಂಡು ಕೂತ ಎರಡು ಆಸೆಗಳು ನಮ್ಮ ಮನೆಯಲ್ಲಿ ಗಂಡ ಹೆಂಡತಿಯಾಗಿ ಎದುರುಬದುರು ಕೂತಿದ್ದವು.

ಪುಟ್ಟ ಎಲೆಕ್ಟ್ರಿಕ್ ಕಾರು ಬೆಂಗಳೂರಿಗೆ ಹೊಸದೇನಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ಬಂದಾಗ ನಾನು ಜಯನಗರದ ಹಾಸ್ಟೆಲ್ಲಿನಲ್ಲಿದ್ದೆ. ಬೊಮ್ಮಸಂದ್ರದಲ್ಲಿ ತಯಾರಾಗುತ್ತಿತ್ತು, ಲೆಡ್ ಆ್ಯಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್. ನಮ್ಮ ಬೀದಿಯ ವಕೀಲರೊಬ್ಬರು ಕಪ್ಪು ಕೋಟು ಹಾಕಿಕೊಂಡು ಹಳದಿ ರೇವಾದಿಂದ ಇಳಿಯುವುದನ್ನು ನೋಡಿ ನಾವು ನಗುತ್ತಿದ್ದೆವು. ಅದೇ ಕಾರು ಲಂಡನ್ನಿಗೆ ಹೋಗಿ ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡಿತು. ಊರ ನಡುವೆ ಬಂದರೆ ಕಟ್ಟಬೇಕಾದ ಕಂಜೆಷನ್ ಶುಲ್ಕ ಅದಕ್ಕಿರಲಿಲ್ಲ. ಹಾಗಾಗಿ ಅಲ್ಲಿ ಕೋಟಿನವರೇ ಅದನ್ನು ಓಡಿಸಿದರು, ಅಲ್ಲಿಯವರೂ ನಕ್ಕರು. 2010ರಲ್ಲಿ ಕಂಪನಿ ಮಹೀಂದ್ರದವರ ಪಾಲಾಯಿತು. ಚಿಕ್ಕ ಕಾರಿನಿಂದ ಇಳಿಯುವಾಗ ಜನ ನಗುತ್ತಾರೆ ಎಂಬ ಹೆದರಿಕೆ ನನ್ನೊಳಗೆ ಎಲ್ಲಿಂದ ಬಂತು ಎಂದು ಯೋಚಿಸಿದರೆ, ನಕ್ಕವಳು ನಾನೇ.

ಆದರೆ ನನ್ನನ್ನು ನಿಜವಾಗಿ ತಡೆದದ್ದು ನಗುವಲ್ಲ.

ಡೈರಿ ಹಿಂದಕ್ಕೆ ತಿರುವುತ್ತ ಹೋದಾಗ 2023ರ ಆಗಸ್ಟಿನ ಒಂದು ಸಾಲು ಸಿಕ್ಕಿತು. ‘ಊರು, ಅಪ್ಪ.’ ಅಕ್ಷರ ಸೊಟ್ಟ. ಆವತ್ತು ರಾತ್ರಿ ಒಂದೂ ನಲವತ್ತಕ್ಕೆ ಅಣ್ಣನ ಫೋನ್ ಬಂದಿತ್ತು. ಎರಡೂ ಕಾಲಿಗೆ ಹೊರಟೆವು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು. ಕಡೂರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗ ಮಳೆ. ಅಂಥ ಹೊತ್ತಿನಲ್ಲೂ ಇವರು ಡೈರಿ ತೆಗೆದು ಬರೆದಿದ್ದಾರೆ. ಆಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಡೈರಿ ಕಿತ್ತು ಬಿಸಾಡಬೇಕೆನಿಸಿತ್ತು. ಈಗ ನೋಡಿದರೆ ಕೈ ನಡುಗದಿರಲಿ ಎಂದು ಅವರಿಗೆ ಏನಾದರೂ ಬರೆಯಬೇಕಾಗಿತ್ತೇನೋ. ತಲುಪಿದಾಗ ಎಂಟೂವರೆ. ಅಪ್ಪ ಆರಕ್ಕೆ ಹೋಗಿದ್ದರು.

ಈ ಒಂದು ಸಾಲನ್ನು ಹತ್ತೊಂಬತ್ತು ದಿನದ ಲೆಕ್ಕಕ್ಕೆ ಹೇಗೆ ಸೇರಿಸುವುದು? ಮುನ್ನೂರ ನಲವತ್ತು ಕಿಲೋಮೀಟರ್ ದಾರಿ. ಕಾಮೆಟ್ ಆಗಿದ್ದರೆ ಅರಸೀಕೆರೆಯ ಹೊತ್ತಿಗೆ ಮುಗಿದು ನಿಲ್ಲುತ್ತಿತ್ತು. ನಾನು ನೋಡಿದ ಮಾಡೆಲ್ಲಿಗೆ ಮನೆಯ ಸಾಕೆಟ್ಟಿನ ವೇಗದ ಚಾರ್ಜಿಂಗ್ ಮಾತ್ರ. ಪೂರ್ತಿ ತುಂಬಲು ಏಳು ಗಂಟೆ. ಹಗಲಾದರೆ ತಿಪಟೂರಿನಲ್ಲಿ ಎಳನೀರು ಕುಡಿದು, ಕೊಬ್ಬರಿ ಮಂಡಿ ನೋಡಿ, ಛತ್ರದಲ್ಲಿ ಒಂದು ನಿದ್ದೆ ತೆಗೆದು ಹೊರಡಬಹುದು ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಆ ರಾತ್ರಿಗೆ ಆ ತಮಾಷೆ ಅನ್ವಯಿಸುವುದಿಲ್ಲ. ಅದು ಹೆದ್ದಾರಿಯ ಕಾರೂ ಅಲ್ಲ. ಹನ್ನೆರಡಿಂಚಿನ ಚಕ್ರ, 42 ಕುದುರೆ, ನೂರರ ಆಸುಪಾಸು ಅದರ ಗರಿಷ್ಠ ವೇಗ. ರಾತ್ರಿ ಲಾರಿಗಳ ನಡುವೆ ನನ್ನವರನ್ನು ಅದರಲ್ಲಿ ಕೂರಿಸಿಕೊಂಡು ಹೋಗಲಾರೆ.

ಎರಡು ದಿನ ಸುಮ್ಮನಿದ್ದೆ. ಇವರೂ ಬಾಯಿ ಬಿಡಲಿಲ್ಲ. ಗೆದ್ದೆನೆಂದು ಗೊತ್ತಿದ್ದರೂ ಗೆಲುವು ಬೇಡವಾಗಿತ್ತು ಅವರಿಗೆ. ಮೂರನೇ ದಿನ ಸಂಜೆ ಅಮ್ಮ ಹೂಬತ್ತಿ ಹೊಸೆಯುತ್ತ ಕೂತವಳು ತಲೆ ಎತ್ತದೆ ಹೇಳಿದಳು: ‘ರಾತ್ರಿ ಹೊತ್ತು ಓಡಿ ಹೋಗ್ಬೇಕಾದವರು ಅಲ್ಲಿ ಇನ್ಯಾರಿದಾರೆ? ನಾನು ಇಲ್ಲೇ ಇದೀನಲ್ಲ.’

ಬತ್ತಿ ಹೊಸೆಯುವುದು ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ನಾನು ಎದ್ದು ಹೋದೆ.

ಕಾಮೆಟ್ ಬಂದದ್ದು ಅಕ್ಟೋಬರ್ 1ರಂದು, ಆಯುಧಪೂಜೆಯ ದಿನ. ಚಕ್ರಕ್ಕೆ ಇಟ್ಟ ನಿಂಬೆಹಣ್ಣು ಆ ಚಕ್ರದ ಮುಂದೆ ಕಿತ್ತಳೆಯ ಹಾಗೆ ಕಂಡಿತು. ಅಪಾರ್ಟ್‌ಮೆಂಟಿನ ಪೂಜೆಗೆ ಸಾಲಾಗಿ ನಿಲ್ಲಿಸಿದ್ದ ಗಾಡಿಗಳ ನಡುವೆ ಅದು ದೊಡ್ಡವರ ಪಂಕ್ತಿಯಲ್ಲಿ ಕೂತ ಮಗು. ಪುರೋಹಿತರು ಕುಂಬಳಕಾಯಿ ಒಡೆಯುವ ಮೊದಲು ಒಮ್ಮೆ ಕಾಯಿಯನ್ನು, ಒಮ್ಮೆ ಕಾರನ್ನು ನೋಡಿದರು.

ಸಾಕೆಟ್ಟಿನ ಕಥೆಯನ್ನು ಪೂರ್ತಿ ಬರೆದರೆ ಇನ್ನೊಂದು ಬ್ಲಾಗೇ ಆಗುತ್ತದೆ. ನಮ್ಮ ಮೀಟರಿನಿಂದ ಬೇಸ್‌ಮೆಂಟಿನ ನಮ್ಮ ಕಂಬದವರೆಗೆ ಮೂವತ್ತೆಂಟು ಮೀಟರ್ ವೈರು, ಒಂದು ಹದಿನಾರು ಆಂಪಿಯರ್ ಸಾಕೆಟ್ಟು, ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಒಂದು ಎಂಸಿಬಿ ಸ್ವಿಚ್ಚು. ಇಷ್ಟಕ್ಕೆ ಅಸೋಸಿಯೇಷನ್ ಎರಡು ಸಭೆ ಮಾಡಿತು. ಬೆಂಕಿ ಹತ್ತಿದರೆ ಜವಾಬ್ದಾರಿ ಯಾರದು ಎಂದು ನಿವೃತ್ತ ಎಂಜಿನಿಯರೊಬ್ಬರು ಗಟ್ಟಿಯಾಗಿ ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ, ಅದಕ್ಕೇ ಎಂಸಿಬಿ, ಅದಕ್ಕೇ ಅರ್ಥಿಂಗ್. ಎಲ್ಲ ಮುಗಿದು ಸಹಿ ಬಿದ್ದ ಮೇಲೆ ಅವರೇ ಪಕ್ಕಕ್ಕೆ ಕರೆದು, ‘ಕರೆಂಟ್ ಹೋದಾಗ ನಿಮ್ಮ ಕಾರಿಂದ ಲಿಫ್ಟ್ ಓಡಿಸಬಹುದಾ?’ ಎಂದರು. ಆಗಲ್ಲ ಸಾರ್ ಎಂದೆ. ಬೇಸರವಾಯಿತು ಪಾಪ.

ನಾನು ಎಣಿಸಿಯೇ ಇರದ ತೊಡಕು ಗೃಹಜ್ಯೋತಿ. 2023ರಿಂದ ನಮ್ಮ ಮನೆಗೆ ಕರೆಂಟು ಬಿಟ್ಟಿ. ನಮ್ಮ ಹಳೆಯ ಸರಾಸರಿ 118 ಯೂನಿಟ್ಟು, ಅದರ ಮೇಲೆ ಹತ್ತು ಶೇಕಡ ಸೇರಿ 130ರ ತನಕ ಸರ್ಕಾರದ್ದು. ಅದಕ್ಕೂ ಮೇಲೆ ಬಳಸಿದರೆ ಹೆಚ್ಚಾದಷ್ಟಕ್ಕೆ ಮಾತ್ರ ನಾವು ಕೊಡಬೇಕು. ಆದರೆ 200 ದಾಟಿದರೆ ಮುಗಿಯಿತು, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ಕಾರು ತಿಂಗಳಿಗೆ ಐನೂರು ಕಿಲೋಮೀಟರಿಗೆ ತಿನ್ನುವುದು ಸುಮಾರು ಅರವತ್ತು ಯೂನಿಟ್ಟು. ಅಂದರೆ ನಾವು 178ರಲ್ಲಿ ನಿಲ್ಲುತ್ತೇವೆ. 2025-26ರ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಪಿಂಚಣಿ ಸರ್ಚಾರ್ಜು 36 ಪೈಸೆ, ತೆರಿಗೆ, ಎಲ್ಲ ಸೇರಿ ಮುನ್ನೂರ ಇಪ್ಪತ್ತರ ಹತ್ತಿರವಾಗುತ್ತಿತ್ತು. ಇದೇ ದೂರಕ್ಕೆ ಹಳೆ ಕಾರು ನಾಲ್ಕು ಸಾವಿರದ ಪೆಟ್ರೋಲು ಕುಡಿಯುತ್ತಿತ್ತು. ಇಲ್ಲಿಯವರೆಗೆ ಎಲ್ಲ ಸುಖ.

ಡಿಸೆಂಬರಿನಲ್ಲಿ ತಂಗಿಯ ಸಂಸಾರ ಬಂತು. ಗೀಸರ್ ಬೆಳಿಗ್ಗೆ ನಾಲ್ಕು ಸಲ, ವಾಷಿಂಗ್ ಮಷೀನ್ ದಿನಾ. ಇವರು 25ನೇ ತಾರೀಖಿನಿಂದ ಟಾರ್ಚ್ ಹಿಡಿದು ಮೀಟರ್ ಓದಲು ಹೋಗತೊಡಗಿದರು. ಪೆಟ್ರೋಲ್ ಡೈರಿಗೆ ಈಗ ಆ ಕೆಲಸ. ನಮ್ಮ ಮಂಜೂರಾದ ಲೋಡಿಗೆ 200ರಿಂದ 201ಕ್ಕೆ ಹೋಗುವ ಆ ಒಂದು ಯೂನಿಟ್ಟಿನ ಬೆಲೆ ಸುಮಾರು ಸಾವಿರದ ಮುನ್ನೂರು ರೂಪಾಯಿ ಎಂದು ಲೆಕ್ಕ ಹಾಕಿ ಭಾವನಿಗೆ ತೋರಿಸಿದರು. ಅಂತೂ 204 ಬಂತು. ‘ನಿಮ್ಮಲ್ಲೂ ಪ್ಲಗ್ ಹಾಕದೇ ಇರೋದೇ ಲಾಭ ಅಂತಾಯ್ತು’ ಎಂದ ಭಾವ. ಎಲೆಕ್ಟ್ರಿಕ್ ಗಾಡಿಗೆಂದೇ ಪ್ರತ್ಯೇಕ ಮೀಟರ್ ಕೊಡುತ್ತಾರೆ, ಅದರ ದರವೂ ಕಮ್ಮಿ. ಅದಕ್ಕೆ ಮತ್ತೆ ಅಸೋಸಿಯೇಷನ್ ಸಹಿ ಬೇಕು. ಯುಗಾದಿ ಕಳೆಯಲಿ ಎಂದು ಕಾಯುತ್ತಿದ್ದೇವೆ. ತಂಗಿ ಮಾತ್ರ ದಿನಾ ಸಂಜೆ ತಾನೇ ಬೇಸ್‌ಮೆಂಟಿಗೆ ಇಳಿದು ಪ್ಲಗ್ ಹಾಕಿ ಬರುತ್ತಿದ್ದಳು.

ಅದಕ್ಕೂ ಮೊದಲು ದೀಪಾವಳಿ, ಅಂದರೆ ಕಾರಿಲ್ಲದೆ ಊರಿಗೆ ಹೋದ ಮೊದಲ ಸಲ. ಹಬ್ಬದ ಪ್ರೂಫ್ ತಿದ್ದುವ ಕೆಲಸ ಮುಗಿಯದೆ ಇವರು ಬೆಂಗಳೂರಿನಲ್ಲೇ ಉಳಿದರು. ನಾವು ಮೂರು ತಲೆಮಾರಿನ ಹೆಂಗಸರು ಜನಶತಾಬ್ದಿಯಲ್ಲಿ ಶಿವಮೊಗ್ಗಕ್ಕೆ ಹೋದೆವು. ಅಣ್ಣ ಪಿಕಪ್ ತಂದಿದ್ದ. ಅಂಗಳದಲ್ಲಿ ಯಾರೂ ‘ಯಾರ್ದು ಗಾಡಿ?’ ಎಂದು ಕೇಳಲಿಲ್ಲ, ಅಣ್ಣನ ಗಾಡಿ ನಾಯಿಗೂ ಗೊತ್ತು. ಮೊಬೈಲಿನಲ್ಲಿ ಕಾಮೆಟ್ ಫೋಟೊ ತೋರಿಸಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಗೋಪೂಜೆ ಮುಗಿಸಿ ಕಡುಬು ತಿನ್ನುವಾಗ ಕೇಳಿದ: ‘ರಾತ್ರಿ ಚಾರ್ಜಿಗೆ ಹಾಕ್ತಿಯಲ್ಲ, ಆ ಕರೆಂಟು ಎಲ್ಲಿಂದ?’

ನಮ್ಮ ಮನೆಯಲ್ಲಿ ಈ ಪ್ರಶ್ನೆ ಹಗುರಾದದ್ದಲ್ಲ. ಅಮ್ಮನ ತಾಯಿಯ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. 1964ರಲ್ಲಿ ನೀರು ನಿಂತಾಗ ಅಜ್ಜಿ ತಂದದ್ದು ಒಂದು ಕಡಗೋಲು, ಒಂದು ಕಂಚಿನ ಗಿಂಡಿ. ಗಿಂಡಿ ಈಗಲೂ ಅಣ್ಣನ ದೇವರಮನೆಯಲ್ಲಿದೆ. ಆ ನೀರಿನಿಂದ ಶರಾವತಿಯಲ್ಲಿ 1,035 ಮೆಗಾವ್ಯಾಟ್. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಬೇಕಂತೆ. ಹಗಲು ಪಾವಗಡದಂಥ ಕಡೆ ಬಿಸಿಲಿನಿಂದ ಹುಟ್ಟಿ ಮಿಗುವ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ರಾತ್ರಿ ಬೇಕಾದಾಗ ಕೆಳಗೆ ಬಿಡುವುದು. ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಸೆಪ್ಟೆಂಬರಿನಲ್ಲಷ್ಟೇ ಅಹವಾಲು ಸಭೆ ಮುಗಿದಿತ್ತು, ಅಣ್ಣ ವಿರೋಧದ ಅರ್ಜಿಗೆ ಸಹಿ ಹಾಕಿ ಬಂದಿದ್ದ. ರಾತ್ರಿ ಹನ್ನೊಂದಕ್ಕೆ ನಾನು ಪ್ಲಗ್ ಹಾಕುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ರಾಯಚೂರಿನ ಕಲ್ಲಿದ್ದಲೋ, ನಮ್ಮದೇ ಕಣಿವೆಯ ನೀರೋ, ಯಾವುದೋ ಒಂದು ಉರಿಯಬೇಕು, ಇಲ್ಲ ಇಳಿಯಬೇಕು.

‘ಆಫೀಸಿನಲ್ಲಿ ಹಗಲು ಚಾರ್ಜ್ ಮಾಡೋಕೆ ಆಗುತ್ತಾ ನೋಡ್ತೀನಿ’ ಎಂದೆ. ‘ನೋಡು’ ಎಂದ. ಇನ್ನೊಂದು ಕಡುಬು ಹಾಕಿಸಿಕೊಂಡ. ಪೆಟ್ರೋಲಿನ ಗಾಡಿಯಿದ್ದಾಗ ಅದು ಎಲ್ಲಿಂದ ಬರುತ್ತದೆ ಎಂದು ಹದಿಮೂರು ವರ್ಷದಲ್ಲಿ ಒಂದು ಸಲವೂ ಅವನು ಕೇಳಿರಲಿಲ್ಲ. ಇದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಆಫೀಸಿನವರು ಇನ್ನೂ ‘ನೋಡೋಣ’ ಅನ್ನುತ್ತಿದ್ದಾರೆ.

ಹೊರಡುವ ದಿನ ಅತ್ತಿಗೆ ಯಾವತ್ತಿನ ಹಾಗೆಯೇ ಕಟ್ಟಿದಳು. ಕಾರಿಲ್ಲ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೆಂಗಿನಕಾಯಿ ಒಂದು ಚೀಲ, ಮೊಳಕೈ ಉದ್ದದ ಸೌತೆಕಾಯಿ ಆರು, ಮಿಡಿ ಉಪ್ಪಿನಕಾಯಿ ಒಂದು ಜಾಡಿ, ಎರಡು ಚೀನಿಕಾಯಿ. ಅಣ್ಣ ಎಲ್ಲವನ್ನೂ ಶಿವಮೊಗ್ಗದಲ್ಲಿ ರೈಲಿಗೆ ಏರಿಸಿದ. ಬೆಂಗಳೂರಿನಲ್ಲಿ ಇವರು ಕಾಮೆಟ್ ತಂದು ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದರು, ಎರಡು ಆಟೊಗಳ ನಡುವೆ, ಆಟೊದವನಷ್ಟೇ ಸಲೀಸಾಗಿ. ಅಮ್ಮ ಮುಂದೆ ಕೂತಳು. ಹಿಂದಿನ ಒಂದು ಸೀಟು ಮಡಚಿ ತೆಂಗಿನಕಾಯಿ, ಸೌತೆಕಾಯಿ ಇಟ್ಟೆವು. ಜಾಡಿ ನನ್ನ ತೊಡೆಯ ಮೇಲೆ. ಉಳಿದದ್ದು ಎರಡು ಚೀನಿಕಾಯಿ ಮತ್ತು ಮಗಳು.

ಇವರು ಚೀನಿಕಾಯಿಯನ್ನೂ ಮಗಳನ್ನೂ ನೋಡಿದರು. ಅವಳು ಬ್ಯಾಗಿನಿಂದ ಮೆಟ್ರೊ ಕಾರ್ಡು ತೆಗೆದಳು.

ಮನೆ ಮುಟ್ಟಿದಾಗ ಅವಳು ಆಗಲೇ ಗೇಟಿನ ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ‘ಇಪ್ಪತ್ತು ನಿಮಿಷ ಆಯ್ತು ಬಂದು’ ಎಂದಳು.